ಡಬ್ಬದ ಮೇಲೆ 6000, ಒಳಗೆ 4800

ಈಗ ಡೆಸ್ಕ್‌ಟಾಪ್ ಮುಂದೆಯೇ ಕೂತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಮೇಲೆ ಕ್ಲಿಕ್ ಮಾಡಿ. ಕೆಳಗೆ ‘ಸ್ಪೀಡ್’ ಎಂದು ಒಂದು ಸಂಖ್ಯೆ ಇರುತ್ತದೆ. ಲಿನಕ್ಸ್ ಬಳಸುವವರು ಡಿಎಂಐಡಿಕೋಡ್ ಎಂಬ ಕಮಾಂಡ್ ಓಡಿಸಿದರೆ ಎರಡು ಸಾಲು ಸಿಗುತ್ತವೆ: ‘ಸ್ಪೀಡ್’ ಒಂದು, ‘ಕಾನ್ಫಿಗರ್ಡ್ ಮೆಮೊರಿ ಸ್ಪೀಡ್’ ಇನ್ನೊಂದು. ನಿಜವಾಗಿ ಓಡುತ್ತಿರುವುದು ಎರಡನೆಯದು. ಆ ಸಂಖ್ಯೆಯನ್ನು ರ‍್ಯಾಮ್ ಕೊಂಡಾಗ ಬಂದ ಬಿಲ್ಲಿನ ಜೊತೆ ಹೋಲಿಸಿ ನೋಡಿ.

ನೆಂಟರ ಮನೆಗೆ ಹೋದಾಗ, ಗೆಳೆಯರ ಆಫೀಸಿಗೆ ಹೋದಾಗ ನಾನು ಇದನ್ನು ತಪ್ಪದೆ ನೋಡುತ್ತೇನೆ. ಬಿಲ್ಲಿನಲ್ಲಿ 6000 ಇರುತ್ತದೆ, ಪರದೆಯಲ್ಲಿ 4800. ಹಳೆಯ ಡಿಡಿಆರ್4 (ಈಗಿನ ಡಿಡಿಆರ್5ಕ್ಕಿಂತ ಹಿಂದಿನ ಪೀಳಿಗೆಯ ಮೆಮೊರಿ) ಯಂತ್ರವಾದರೆ ಬಿಲ್ಲಿನಲ್ಲಿ 3200, ಪರದೆಯಲ್ಲಿ 2133 ಅಥವಾ 2400. ಕೊಂಡು ವರ್ಷಗಳೇ ಕಳೆದಿರುತ್ತವೆ. ಯಾರೂ ಗಮನಿಸಿರುವುದಿಲ್ಲ. ಯಂತ್ರ ಚೆನ್ನಾಗೇ ನಡೆಯುತ್ತಿರುವಾಗ ಯಾಕೆ ನೋಡುತ್ತಾರೆ ಹೇಳಿ? ಆದರೆ ಜಾಸ್ತಿ ದುಡ್ಡು ಕೊಟ್ಟು ತಂದ ವೇಗ ಅಷ್ಟೂ ದಿನ ಕೆಲಸಕ್ಕೇ ಬಂದಿರುವುದಿಲ್ಲ. ಈ ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಅಂಗಡಿಯವರು ಮೋಸ ಮಾಡಿದರು ಎಂದು ಕೆಲವರು ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಹಾಗೇನೂ ಇರುವುದಿಲ್ಲ. ಸ್ಟಿಕ್ ಸರಿಯಾದದ್ದೇ ಇರುತ್ತದೆ. ಆ 6000 ಎಂಬ ಮಾತು ಯಾರು ಕೊಟ್ಟದ್ದು, ಯಾರು ಕೊಡಲಿಲ್ಲ ಎನ್ನುವುದರಲ್ಲೇ ಇಡೀ ವಿಷಯ ಇದೆ.

ಮೆಮೊರಿಗೆ ನಿಯಮ ಬರೆಯುವ ಸಂಸ್ಥೆ ಜೆಡೆಕ್. ಡಿಡಿಆರ್4 ನಿಯಮ 2012ರಲ್ಲಿ, ಡಿಡಿಆರ್5 ನಿಯಮ 2020ರ ಜುಲೈನಲ್ಲಿ ಹೊರಬಂತು. ಯಾವ ವೇಗಕ್ಕೆ ಎಷ್ಟು ವೋಲ್ಟ್, ಎಷ್ಟು ಟೈಮಿಂಗ್ (ಯಾವ ಕೆಲಸಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕ) ಎಂದೆಲ್ಲ ಅದರಲ್ಲಿ ಇರುತ್ತದೆ. ಡಿಡಿಆರ್5ಗೆ 1.1 ವೋಲ್ಟ್ ಸಾಕು ಎನ್ನುತ್ತದೆ ಆ ನಿಯಮ. ಪ್ರತಿ ರ‍್ಯಾಮ್ ಸ್ಟಿಕ್ ಮೇಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇದೆ. ಡಿಡಿಆರ್5ರಲ್ಲಿ ಅದರ ಗಾತ್ರ ಬರೀ 1024 ಬೈಟ್. ‘ನಾನು ಇಂಥ ವೇಗದಲ್ಲಿ ಓಡಬಲ್ಲೆ’ ಎಂಬ ಪಟ್ಟಿ ಅದರಲ್ಲಿ ಬರೆದಿರುತ್ತದೆ. ಪವರ್ ಒತ್ತಿದ ಕೂಡಲೇ ಮದರ್‌ಬೋರ್ಡ್ ಮೊದಲು ಓದುವುದು ಅದನ್ನೇ. ಓದಿ, ಜೆಡೆಕ್ ನಿಯಮದೊಳಗಿನ ಒಂದು ಸುರಕ್ಷಿತ ವೇಗ ಆರಿಸಿಕೊಳ್ಳುತ್ತದೆ. 4800 ಬಂದದ್ದು ಅಲ್ಲಿಂದ.

ಹಾಗಾದರೆ 6000 ಎಲ್ಲಿಂದ ಬಂತು? ಮೆಮೊರಿ ಚಿಪ್ ತಯಾರಿಸುವವರು ಮುಖ್ಯವಾಗಿ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಸ್ಟಿಕ್ ಮಾರುವ ಕಂಪನಿಗಳಲ್ಲಿ ಬಹಳಷ್ಟು ಇವರ ಚಿಪ್‌ಗಳನ್ನು ಕೊಂಡು, ಪರೀಕ್ಷಿಸಿ, ಚೆನ್ನಾಗಿ ಓಡುವುದನ್ನು ಬೇರೆ ಮಾಡಿ, ಹೆಚ್ಚು ವೋಲ್ಟೇಜ್ ಕೊಟ್ಟು 6000ದಲ್ಲಿ ಓಡುತ್ತದೆ ಎಂದು ಖಾತ್ರಿ ಮಾಡಿಕೊಳ್ಳುತ್ತವೆ. ಆ ಲೆಕ್ಕವನ್ನು ಅದೇ ಎಸ್‌ಪಿಡಿ ಚಿಪ್‌ನ ಇನ್ನೊಂದು ಮೂಲೆಯಲ್ಲಿ ಬರೆದಿಡುತ್ತವೆ. ಇಂಟೆಲ್ 2007ರಲ್ಲಿ ಡಿಡಿಆರ್3 ಕಾಲದಲ್ಲಿ ತಂದ ಈ ಏರ್ಪಾಡಿಗೆ ಎಕ್ಸ್‌ಎಂಪಿ ಎಂದು ಹೆಸರು. ಎಎಂಡಿ 2022ರಲ್ಲಿ ರೈಜನ್ 7000 ಜೊತೆ ತನ್ನದೇ ಎಕ್ಸ್‌ಪೋ ತಂದಿತು. ಬಯೋಸ್‌ಗೆ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಬೋರ್ಡ್‌ನ ಸೆಟ್ಟಿಂಗ್ ಪುಟಗಳಿಗೆ) ಹೋಗಿ ನೀವಾಗಿ ಆರಿಸುವ ತನಕ ಬೋರ್ಡ್ ಆ ಮೂಲೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಈಗ ಪ್ರೊಸೆಸರ್ ಕಡೆ ಬನ್ನಿ. ರ‍್ಯಾಮ್ ಜೊತೆ ಮಾತಾಡುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ. ರೈಜನ್ 7000 ಸಾಲಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎಎಂಡಿ ಒಪ್ಪಿಕೊಂಡ ಅಧಿಕೃತ ವೇಗ 5200. ರೈಜನ್ 9000ಕ್ಕೆ 5600. ಇಂಟೆಲ್ 12ನೇ ಪೀಳಿಗೆಗೆ 4800 ಎಂದಿತು, 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳಿಗೆ 5600. ಇದಕ್ಕಿಂತ ಮೇಲೆ ಹೋದರೆ ಎರಡೂ ಕಂಪನಿಗಳ ಲೆಕ್ಕದಲ್ಲಿ ಅದು ಓವರ್‌ಕ್ಲಾಕಿಂಗ್, ಅಂದರೆ ಒಪ್ಪಿದ ವೇಗ ಮೀರಿ ಓಡಿಸುವುದು. ಮದರ್‌ಬೋರ್ಡ್ ಕಂಪನಿ ತನ್ನ ಪಟ್ಟಿಯಲ್ಲಿ ಇನ್ನೂ ದೊಡ್ಡ ಸಂಖ್ಯೆ ಹಾಕಿರುತ್ತದೆ. ಅದರ ಪಕ್ಕದಲ್ಲೇ ‘ಓಸಿ’ ಎಂಬ ಎರಡಕ್ಷರ ಚಿಕ್ಕದಾಗಿ ಇರುತ್ತದೆ.

ಅಂದರೆ 6000 ಎಂಬ ಮಾತು ಕೊಟ್ಟದ್ದು ಸ್ಟಿಕ್ ಮಾಡಿದವರು ಮಾತ್ರ. ಪ್ರೊಸೆಸರ್ ಮಾಡಿದವರು ಕೊಟ್ಟಿಲ್ಲ. ಬೋರ್ಡ್ ಮಾಡಿದವರು ‘ಆದರೆ ಆಗಬಹುದು’ ಎಂದಿದ್ದಾರೆ. ಮೂವರನ್ನೂ ಒಂದೇ ಮಾತಿಗೆ ಒಪ್ಪಿಸುವ ಕೆಲಸ ಕೊಂಡವರ ತಲೆಗೇ ಬರುತ್ತದೆ. ಇದು ತಿಳಿದರೆ ಸಾಕು, ಮುಂದಿನ ಎಲ್ಲ ಗೊಂದಲಕ್ಕೂ ಒಂದು ದಾರಿ ಸಿಗುತ್ತದೆ.

ಒಂದು ಸಣ್ಣ ಗೊಂದಲವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಎಲ್ಲ ಸರಿಮಾಡಿದ ಮೇಲೆ ಸಿಪಿಯು-ಝಡ್ ಎಂಬ ಪ್ರೋಗ್ರಾಮ್ ತೆರೆದು ನೋಡಿದರೆ 3000 ಕಾಣಿಸುತ್ತದೆ. ಅರ್ಧವೇ ಬಂತಲ್ಲ ಎಂದು ಗಾಬರಿಯಾಗಬೇಡಿ. ಡಿಡಿಆರ್ ಅಂದರೆ ಒಂದು ಕ್ಲಾಕ್‌ನಲ್ಲಿ (ಮೆಮೊರಿಯ ಒಂದು ಮಿಡಿತದಲ್ಲಿ) ಎರಡು ಸಲ ಡೇಟಾ ಹೋಗುವ ಮೆಮೊರಿ. ಕ್ಲಾಕ್ 3000 ಮೆಗಾಹರ್ಟ್ಸ್, ಡೇಟಾ 6000 ಮೆಗಾಟ್ರಾನ್ಸ್‌ಫರ್, ಅಂದರೆ ಸೆಕೆಂಡಿಗೆ 600 ಕೋಟಿ ಸಲ. ಎರಡೂ ಸರಿ.

ಇಷ್ಟೆಲ್ಲ ಮಾಡಿ ಸಿಗುವುದೇನು? ಲೆಕ್ಕ ನೇರವಾಗಿದೆ. ಒಂದು ಚಾನೆಲ್ (ಪ್ರೊಸೆಸರ್ ಮತ್ತು ರ‍್ಯಾಮ್ ನಡುವಿನ ಡೇಟಾ ದಾರಿ) ಒಂದು ಸಲಕ್ಕೆ 8 ಬೈಟ್ ಸಾಗಿಸುತ್ತದೆ. 4800ರಲ್ಲಿ ಸೆಕೆಂಡಿಗೆ 38.4 ಗಿಗಾಬೈಟ್, ಎರಡು ಚಾನೆಲ್‌ಗೆ 76.8. 6000ದಲ್ಲಿ 48, ಎರಡಕ್ಕೆ 96. ಕಾಗದದ ಮೇಲೆ ಕಾಲು ಭಾಗ ಜಾಸ್ತಿ. ಇದೇ ಲೆಕ್ಕದಲ್ಲಿ ಇನ್ನೊಂದನ್ನೂ ನೋಡಿ. 6000ದ ಒಂದೇ ಸ್ಟಿಕ್ ಹಾಕಿದರೆ ಒಂದೇ ಚಾನೆಲ್ ಓಡುತ್ತದೆ, ಸಿಗುವುದು 48. 4800ರ ಎರಡು ಸ್ಟಿಕ್ ಹಾಕಿದರೆ 76.8. ನಮ್ಮಲ್ಲಿ ಅಸೆಂಬಲ್ ಮಾಡಿಸುವಾಗ ‘ಈಗ ಒಂದು ಹಾಕ್ಸಿ, ಮುಂದೆ ಬೇಕಾದ್ರೆ ಇನ್ನೊಂದು ಹಾಕ್ಸಿದ್ರಾಯ್ತು’ ಎನ್ನುವ ಮಾತು ತುಂಬಾ ಕೇಳಿಬರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ರೈಜನ್ 5 8600ಜಿ ಥರದ ಪ್ರೊಸೆಸರ್‌ನಲ್ಲೇ ಗೇಮ್ ಆಡುವ, ಡಿಸೈನ್ ಮಾಡುವ ವಿದ್ಯಾರ್ಥಿಗಳಿಗೆ ಇದರಿಂದ ದೊಡ್ಡ ನಷ್ಟ. ಅಂಥ ಯಂತ್ರದಲ್ಲಿ ಚಿತ್ರ ಬಿಡಿಸುವ ಭಾಗಕ್ಕೂ ಇದೇ ರ‍್ಯಾಮ್‌ನಿಂದಲೇ ಡೇಟಾ ಬರಬೇಕು. ಅವರು ಬಯೋಸ್ ಮುಟ್ಟುವ ಮೊದಲು ಎರಡು ಸ್ಟಿಕ್ ಹಾಕಿಸಿಕೊಳ್ಳಲಿ.

ಸಾಗಿಸುವ ಪ್ರಮಾಣ ಒಂದಾದರೆ, ಕಾಯುವ ಸಮಯ ಇನ್ನೊಂದು. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಲೆಕ್ಕ ಇಲ್ಲಿದೆ. ಡಬ್ಬದ ಮೇಲೆ ಸಿಎಲ್30, ಸಿಎಲ್40 ಎಂದೆಲ್ಲ ಬರೆದಿರುತ್ತದಲ್ಲ, ಅದು ಡೇಟಾ ಕೇಳಿದ ಮೇಲೆ ಎಷ್ಟು ಕ್ಲಾಕ್ ಕಾಯಬೇಕು ಎಂಬ ಲೆಕ್ಕ. ಅದನ್ನು ನ್ಯಾನೊಸೆಕೆಂಡಿಗೆ ತಿರುಗಿಸಲು ಸಿಎಲ್ ಅನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ. 6000 ಸಿಎಲ್30 ಅಂದರೆ 10 ನ್ಯಾನೊಸೆಕೆಂಡ್. ಡಿಡಿಆರ್4ರ 3200 ಸಿಎಲ್16 ತಗೊಳ್ಳಿ. ಅದೂ 10. ಇನ್ನೂ ಹಿಂದೆ ಹೋಗಿ, 2003ರ ಸುಮಾರಿನ ಡಿಡಿಆರ್-400 ಸಿಎಲ್2 ಹಿಡಿಯಿರಿ. ಮತ್ತೆ 10! ಇಪ್ಪತ್ತು ವರ್ಷದಲ್ಲಿ ಸಾಗಿಸುವ ಪ್ರಮಾಣ ಹದಿನೈದು ಪಟ್ಟು ಏರಿದೆ. ಮೊದಲ ಬೈಟ್‌ಗೆ ಕಾಯುವ ಹೊತ್ತು ಹೆಚ್ಚುಕಮ್ಮಿ ಇದ್ದಲ್ಲೇ ಇದೆ.

ಕಾರಣ ಮೆಮೊರಿಯ ಮೂಲದಲ್ಲೇ ಇದೆ. ಐಬಿಎಂನ ರಾಬರ್ಟ್ ಡೆನಾರ್ಡ್ 1966ರಲ್ಲಿ ಯೋಚಿಸಿ, 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇವತ್ತಿಗೂ ನಡೆಯುತ್ತಿದೆ. ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್, ಅದರಲ್ಲಿ ಚೂರು ಚಾರ್ಜ್. ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆ ಚೂರು ಚಾರ್ಜನ್ನು ಉದ್ದನೆಯ ತಂತಿಗೆ ಬಿಟ್ಟು, ಇದೆಯೋ ಇಲ್ಲವೋ ಎಂದು ಗುರುತಿಸಲು ಒಂದಿಷ್ಟು ಹೊತ್ತು ಬೇಕೇ ಬೇಕು. ಹೊರಗಿನ ದಾರಿ ಎಷ್ಟೇ ಅಗಲವಾದರೂ ಈ ಒಳಗಿನ ಕೆಲಸ ಬೇಗ ಆಗುವುದಿಲ್ಲ.

ಅದಕ್ಕೇ 4800 ಸಿಎಲ್40ಗೆ ಬಿಟ್ಟ ಯಂತ್ರಕ್ಕೆ ಎರಡು ಕಡೆ ನಷ್ಟ. ಸಾಗಣೆ ಕಮ್ಮಿ, ಕಾಯುವುದು 16.7 ನ್ಯಾನೊಸೆಕೆಂಡ್. ದೊಡ್ಡ ಸಂಖ್ಯೆ ನೋಡಿ ಮರುಳಾಗುವವರಿಗೂ ಇದೇ ಮಾತು. 6400 ಸಿಎಲ್40 ಸ್ಟಿಕ್ 12.5 ನ್ಯಾನೊಸೆಕೆಂಡ್ ಕಾಯಿಸುತ್ತದೆ. ನಾನಾದರೆ 6000 ಸಿಎಲ್30 ತರುತ್ತೇನೆ.

ರೈಜನ್ 7000ದಲ್ಲಿ 6000ಕ್ಕೆ ಇನ್ನೊಂದು ಕಾರಣವೂ ಇದೆ. ಅಲ್ಲಿ ಮೆಮೊರಿ 3000 ಮೆಗಾಹರ್ಟ್ಸ್‌ನಲ್ಲಿ ಓಡಿದರೆ ಮೆಮೊರಿ ಕಂಟ್ರೋಲರ್ ಕೂಡ ಅದೇ 3000ದಲ್ಲಿ ಓಡುತ್ತದೆ. ಇನ್ನೂ ಮೇಲೆ, 6400 ದಾಟಿದರೆ ಬಹಳಷ್ಟು ಪ್ರೊಸೆಸರ್‌ಗಳಲ್ಲಿ ಕಂಟ್ರೋಲರ್‌ಗೆ ಆ ಓಟ ಆಗುವುದಿಲ್ಲ, ಅರ್ಧ ವೇಗಕ್ಕೆ ಇಳಿಯುತ್ತದೆ. ಆಗ ಸಂಖ್ಯೆ ಏರಿದರೂ ಕಾಯುವ ಹೊತ್ತೂ ಏರುತ್ತದೆ. ಇಂಟೆಲ್‌ನಲ್ಲಿ ಸಮ ವೇಗಕ್ಕೆ ಗಿಯರ್ 1, ಅರ್ಧ ವೇಗಕ್ಕೆ ಗಿಯರ್ 2 ಎನ್ನುತ್ತಾರೆ. ಎಎಂಡಿಯವರೇ 6000ವನ್ನು ಸರಿಯಾದ ಜಾಗ ಎಂದು ಹೇಳಿಕೊಂಡು ಬಂದದ್ದು ಇದರಿಂದ.

ಕಳೆದ ವರ್ಷ ಬಳ್ಳಾರಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಒಂದು ಯಂತ್ರ ಕಟ್ಟಿಸಿದೆವು. ಅವನು ಮದುವೆ ವಿಡಿಯೊ ಎಡಿಟ್ ಮಾಡುತ್ತಾನೆ. ರೈಜನ್ 7 7700, ಬಿ650 ಬೋರ್ಡ್, 16 ಗಿಗಾಬೈಟ್‌ನ ಎರಡು ಸ್ಟಿಕ್, 6000 ಸಿಎಲ್30. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಭಾಗ ತಗೊಂಡು, ಅಲ್ಲೇ ಜೋಡಿಸಿಕೊಂಡು ಹೋದ. ಬಯೋಸ್ ಕೆಲಸವನ್ನು ಮನೆಯಲ್ಲಿ ಅವನೇ ಮಾಡಲಿ, ಕಲಿಯಲಿ ಎಂದು ಫೋನಿನಲ್ಲಿ ಹೇಳುತ್ತಾ ಹೋದೆ. ಮೊದಲು ಸ್ಟಿಕ್ ಎಲ್ಲಿ ಕೂತಿವೆ ನೋಡು ಎಂದೆ. ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿ ಇರಬೇಕು. ಆಮೇಲೆ ಬಯೋಸ್ ಅಪ್‌ಡೇಟ್. ಆಮೇಲೆ ಎಕ್ಸ್‌ಪೋ ಆರಿಸಿ, ಸೇವ್ ಮಾಡಿ, ರೀಸ್ಟಾರ್ಟ್.

ಸ್ವಲ್ಪ ಹೊತ್ತಿಗೆ ಅವನ ಫೋನ್ ಬಂತು.

“ಮಾವ, ಸ್ಕ್ರೀನೇ ಬರ್ತಿಲ್ಲ. ಸುಟ್ಟು ಹೋಯ್ತೇನು?”

“ಏನೂ ಆಗಿಲ್ಲ ಕಣೋ. ಫ್ಯಾನ್ ತಿರುಗ್ತಿದೆಯಾ?”

“ತಿರುಗ್ತಿದೆ. ಒಂದು ಹಳದಿ ಲೈಟ್ ಉರೀತಿದೆ. ಡಿ-ರ‍್ಯಾಮ್ ಅಂತ ಬರ್ದಿದ್ದಾರೆ.”

“ಹಾಗಾದ್ರೆ ಮುಟ್ಟಬೇಡ. ಪವರ್ ಬಟನ್ ಒತ್ತಲೇಬೇಡ. ಊಟ ಮಾಡಿ ಬಾ.”

ಅವನು ಊಟ ಮುಗಿಸುವ ಮೊದಲೇ ಪರದೆ ಬಂದಿತ್ತು. ಆ ಕಪ್ಪು ಪರದೆಯ ಹಿಂದೆ ನಡೆಯುವ ಕೆಲಸಕ್ಕೆ ಮೆಮೊರಿ ಟ್ರೈನಿಂಗ್ ಎಂದು ಹೆಸರು. ಅದು ಏನೆಂದು ಗೊತ್ತಿಲ್ಲದೆ ಎಷ್ಟೋ ಜನ ಅರ್ಧದಲ್ಲೇ ಪವರ್ ಕಿತ್ತು, ‘ಬೋರ್ಡ್ ಹೋಗಿದೆ’ ಎಂದು ವಾಪಸ್ ಅಂಗಡಿಗೆ ಒಯ್ಯುತ್ತಾರೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

6000 ಮೆಗಾಟ್ರಾನ್ಸ್‌ಫರ್ ಅಂದರೆ ಒಂದು ತಂತಿಯಲ್ಲಿ ಒಂದು ಬಿಟ್ ಇರುವುದು ಸುಮಾರು 167 ಪಿಕೊಸೆಕೆಂಡ್ ಮಾತ್ರ. ಅಷ್ಟರಲ್ಲಿ ಬೆಳಕೇ ಹೋಗುವುದು 5 ಸೆಂಟಿಮೀಟರ್. ಬೋರ್ಡ್‌ನ ತಾಮ್ರದ ಗೆರೆಯಲ್ಲಿ ಸಿಗ್ನಲ್ ಹೋಗುವುದು ಅದರ ಅರ್ಧದಷ್ಟು, ಎರಡೂವರೆ ಸೆಂಟಿಮೀಟರ್. ಪ್ರೊಸೆಸರ್‌ನಿಂದ ಸ್ಲಾಟ್‌ಗೆ ದೂರ ಅದಕ್ಕಿಂತ ಜಾಸ್ತಿ ಇದೆ, ಅಲ್ವಾ? ಅಂದರೆ ಮೊದಲ ಬಿಟ್ ಸ್ಟಿಕ್ ಮುಟ್ಟುವ ಮೊದಲೇ ಅದರ ಹಿಂದೆ ಇನ್ನೊಂದೆರಡು ಬಿಟ್ ಅದೇ ಗೆರೆಯಲ್ಲಿ ಹೊರಟಿರುತ್ತವೆ. ಇಂಥ ಗೆರೆಗಳು ಹತ್ತಾರು. ಎಲ್ಲವೂ ಒಂದೇ ಉದ್ದ ಇರಬೇಕೆಂದು ವಿನ್ಯಾಸ ಮಾಡಿದವರು ಕಷ್ಟಪಟ್ಟರೂ ಕೂದಲೆಳೆಯ ವ್ಯತ್ಯಾಸ ಉಳಿಯುತ್ತದೆ. ಪ್ರತಿ ಗೆರೆಗೂ ಯಾವ ಕ್ಷಣದಲ್ಲಿ ಓದಬೇಕು, ಎಷ್ಟು ವೋಲ್ಟ್ ಮೇಲಿದ್ದರೆ ಒಂದು ಎನ್ನಬೇಕು ಎಂದು ಬೋರ್ಡ್ ಒಂದೊಂದಾಗಿ ಹುಡುಕುತ್ತದೆ. ಕಛೇರಿ ಶುರುವಾಗುವ ಮೊದಲು ತಂಬೂರಿಯ ಒಂದೊಂದು ತಂತಿಯನ್ನೂ ಶ್ರುತಿಗೆ ಕೂರಿಸುತ್ತಾರಲ್ಲ, ಹಾಗೆ. ಸಭಾಂಗಣ ಬಿಸಿಯಾದರೆ ಆ ಶ್ರುತಿ ಜರುಗುತ್ತದೆ. ಇದೂ ಜರುಗುತ್ತದೆ.

ಎಎಂ5 (ರೈಜನ್ 7000, 9000 ಕೂರುವ ಸಾಕೆಟ್) ಬೋರ್ಡ್‌ಗಳಲ್ಲಿ ಮೊದಲ ಸಲ ಇದಕ್ಕೆ ಹಲವು ನಿಮಿಷ ಹಿಡಿಯಬಹುದು. ಆಮೇಲೆ ಪ್ರತಿ ಸಲವೂ ತಡವಾದರೆ ಬಯೋಸ್‌ನಲ್ಲಿ ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಎಂಬುದು ಇದೆ. ಹಳೆಯ ಟ್ರೈನಿಂಗ್ ಫಲಿತಾಂಶವನ್ನೇ ಮತ್ತೆ ಬಳಸು ಎಂದು ಅದರ ಅರ್ಥ. ಬೂಟ್ ಬೇಗ ಆಗುತ್ತದೆ. ಅದನ್ನು ಆನ್ ಮಾಡಿದ ಮೇಲೆ ಯಂತ್ರ ಅಸ್ಥಿರವಾದರೆ ಆಫ್ ಮಾಡಿ, ಬೂಟ್ ತಡವಾದರೂ ಸರಿ.

ಎರಡನೇ, ನಾಲ್ಕನೇ ಸ್ಲಾಟ್ ಯಾಕೆ ಎಂದು ಅವನು ಕೇಳಿದ್ದ. ಈಗಿನ ಬಹಳಷ್ಟು ಬೋರ್ಡ್‌ಗಳಲ್ಲಿ ಗೆರೆ ಮೊದಲು ಒಂದು ಸ್ಲಾಟ್ ಮುಟ್ಟಿ, ಅಲ್ಲಿಂದ ಮುಂದಿನ ಸ್ಲಾಟ್‌ಗೆ ಹೋಗಿ ಕೊನೆಯಾಗುತ್ತದೆ. ಕೊನೆಯ ಸ್ಲಾಟ್‌ನಲ್ಲಿ ಸ್ಟಿಕ್ ಇದ್ದರೆ ಸಿಗ್ನಲ್ ಅಲ್ಲೇ ಮುಗಿಯುತ್ತದೆ. ಸ್ಟಿಕ್ ಮೊದಲನೆಯದರಲ್ಲಿದ್ದು ಕೊನೆ ಖಾಲಿ ಇದ್ದರೆ ಆ ಖಾಲಿ ತುದಿಗೆ ಬಡಿದು ಸಿಗ್ನಲ್ ವಾಪಸ್ ಬರುತ್ತದೆ, ಹಿಂದೆ ಬರುವ ಬಿಟ್‌ಗಳ ಜೊತೆ ಬೆರೆಯುತ್ತದೆ. 4800ರಲ್ಲಿ ತಡೆದುಕೊಂಡರೂ 6000ದಲ್ಲಿ ತಡೆಯದೆ ಹೋಗಬಹುದು. ಹಲವು ಸಲ ‘6000 ಆಗ್ತಿಲ್ಲ’ ಎನ್ನುವ ದೂರಿಗೆ ಮದ್ದು ಸ್ಟಿಕ್ ಕಿತ್ತು ಪಕ್ಕದ ಸ್ಲಾಟ್‌ಗೆ ಹಾಕುವುದಷ್ಟೇ.

ನಾಲ್ಕು ಸ್ಟಿಕ್ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದೆ, ಎರಡು ಖಾಲಿ ಇವೆ, ಇನ್ನೆರಡು ಹಾಕಿಸಿ ಎಂದು ಸಲಹೆ ಕೊಡುವವರು ಎಲ್ಲ ಕಡೆ ಇದ್ದಾರೆ. ಡಿಡಿಆರ್3 ಕಾಲದಲ್ಲಿ ಅದು ಸರಿಯಾದ ಸಲಹೆಯೇ ಆಗಿತ್ತು. ರೈಜನ್ 7000 ಪ್ರೊಸೆಸರ್‌ಗೆ ನಾಲ್ಕು ಸ್ಟಿಕ್ ಹಾಕಿದಾಗ ಎಎಂಡಿ ಒಪ್ಪಿಕೊಳ್ಳುವ ವೇಗ ಎಷ್ಟು ಗೊತ್ತಾ? 3600. ಎರಡಿದ್ದಾಗ 5200, ನಾಲ್ಕಾದರೆ 3600. ಇದು ಎಎಂಡಿಯ ಪಟ್ಟಿಯಲ್ಲೇ ಇದೆ. ಆದರೆ ಕೊಳ್ಳುವವರ ಕಿವಿಗೆ ಯಾರೂ ಹಾಕುವುದಿಲ್ಲ. ಪ್ರತಿ ಚಾನೆಲ್‌ಗೆ ಎರಡೆರಡು ಸ್ಟಿಕ್ ಆದಾಗ ಕಂಟ್ರೋಲರ್ ಮೇಲಿನ ಹೊರೆ ಏರುತ್ತದೆ, ಸಿಗ್ನಲ್ ಕೆಡುತ್ತದೆ. ಹೊಸ ಬಯೋಸ್‌ಗಳಲ್ಲಿ ಕೆಲವರು ನಾಲ್ಕನ್ನೂ ಮೇಲೆ ಓಡಿಸಿದ್ದಾರೆ, ನಿಜ. ಅದನ್ನು ನಂಬಿ ದುಡ್ಡು ಹಾಕಬೇಡಿ. 64 ಗಿಗಾಬೈಟ್ ಬೇಕೆಂದು ಮುಂದೆ ಅನಿಸಬಹುದಾದರೆ ಮೊದಲೇ 32ರ ಎರಡು ಸ್ಟಿಕ್ ತಗೊಳ್ಳಿ. ಒಂದೇ ಡಬ್ಬದಲ್ಲಿ ಜೋಡಿಯಾಗಿ ಬಂದದ್ದನ್ನೇ ತಗೊಳ್ಳಿ. ಅದೇ ಮಾಡೆಲ್ ಎಂದು ಎರಡು ಬೇರೆ ಡಬ್ಬ ತಂದರೆ ಒಳಗಿನ ಚಿಪ್ ಬೇರೆ ಕಂಪನಿಯದ್ದೇ ಇರಬಹುದು. ಕಿಟ್‌ಗಳನ್ನು ಬೆರೆಸಿದರೆ ರ‍್ಯಾಮ್ ಕಂಪನಿಗಳು ಖಾತ್ರಿ ಕೊಡುವುದಿಲ್ಲ.

ಇನ್ನು ವೋಲ್ಟೇಜ್. ಎಕ್ಸ್‌ಪೋ ಆನ್ ಮಾಡಿದಾಗ ಸ್ಟಿಕ್‌ಗೆ 1.1 ವೋಲ್ಟ್ ಬದಲು 1.35ರ ಸುಮಾರು ಹೋಗುತ್ತದೆ. ಅದರ ಜೊತೆ ಬೋರ್ಡ್ ತಾನಾಗಿ ಪ್ರೊಸೆಸರ್‌ನ ಎಸ್‌ಒಸಿ ವೋಲ್ಟೇಜ್ (ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ ಹೋಗುವ ವೋಲ್ಟೇಜ್) ಕೂಡ ಏರಿಸುತ್ತದೆ. 2023ರ ಏಪ್ರಿಲ್‌ನಲ್ಲಿ ಕೆಲವರ ರೈಜನ್ 7000 ಎಕ್ಸ್‌3ಡಿ ಪ್ರೊಸೆಸರ್‌ಗಳು ಸುಟ್ಟು ಉಬ್ಬಿದ ಚಿತ್ರಗಳು ಹೊರಬಂದವು. ಬೋರ್ಡ್‌ಗಳು ಆ ವೋಲ್ಟೇಜನ್ನು ಅತಿಯಾಗಿ ಏರಿಸುತ್ತಿದ್ದುದು ಆಗ ಬೆಳಕಿಗೆ ಬಂತು. ಎಎಂಡಿ 1.3 ವೋಲ್ಟ್ ಮಿತಿ ಹಾಕಿ ಹೊಸ ಬಯೋಸ್ ಕೊಡಿಸಿತು. ಎಕ್ಸ್‌ಪೋಗೆ ಮುಂಚೆ ಬಯೋಸ್ ಅಪ್‌ಡೇಟ್ ಮಾಡು ಎಂದು ಅಕ್ಕನ ಮಗನಿಗೆ ಹೇಳಿದ್ದು ಇದೇ ಕಾರಣಕ್ಕೆ. ಟ್ರೈನಿಂಗ್ ಕೂಡ ಹೊಸ ಬಯೋಸ್‌ನಲ್ಲಿ ಚೆನ್ನಾಗಿ ಆಗುತ್ತದೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ 6000 ಬಂದ ದಿನ ಅವನಿಗೆ ಬಹಳ ಖುಷಿಯಾಗಿತ್ತು. ಕೆಲಸ ಮುಗಿಯಿತು ಎಂದುಕೊಳ್ಳುವುದು ಇಲ್ಲೇ. ಕೇಳಿದ ವೇಗ ಬಂದಿದೆ. ಆ ವೇಗದಲ್ಲಿ ಓದಿದ್ದು, ಬರೆದದ್ದು ಸರಿಯಾಗಿದೆಯೇ ಎಂಬುದು ಇನ್ನೂ ಗೊತ್ತಾಗಿಲ್ಲ. ಮೆಮೊರಿಯ ತಪ್ಪು ಯಾವಾಗಲೂ ನೀಲಿ ಪರದೆಯಾಗಿ ಬರುವುದಿಲ್ಲ. ಸುಮ್ನೆ ಒಂದು ಬಿಟ್ ತಿರುಗಿರುತ್ತದೆ. ಆ ಬಿಟ್ ಒಂದು ಫೋಟೊದ ಮಧ್ಯದಲ್ಲಿದ್ದರೆ ಆ ಫೋಟೊ ಕೆಟ್ಟೇ ಡಿಸ್ಕಿಗೆ ಹೋಗುತ್ತದೆ. ಮೂಲವನ್ನು ಅಳಿಸಿ, ಕಾಪಿಯನ್ನು ಇಟ್ಟುಕೊಂಡಿದ್ದರೆ ಮುಗಿಯಿತು. ಝಿಪ್ ಬಿಚ್ಚುವಾಗ ಸಿಆರ್‌ಸಿ ಎರರ್ (ಫೈಲ್ ಕೆಟ್ಟಿದೆ ಎಂಬ ಸೂಚನೆ), ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುವುದು, ಬ್ರೌಸರ್ ಟ್ಯಾಬ್ ಕಾರಣವಿಲ್ಲದೆ ಸಾಯುವುದು, ಇಂಥವೆಲ್ಲ ರ‍್ಯಾಮ್ ಕಡೆ ಬೆರಳು ತೋರಿಸುವ ಚಿಹ್ನೆಗಳು. ನಾವು ವಿಂಡೋಸ್ ಬೈದುಕೊಂಡು ಮುಂದೆ ಹೋಗುತ್ತೇವೆ.

ಡಿಡಿಆರ್5ರಲ್ಲಿ ಇಸಿಸಿ (ತಪ್ಪು ಹುಡುಕಿ ಸರಿಮಾಡುವ ಏರ್ಪಾಡು) ಇದೆಯಲ್ಲ, ತಪ್ಪು ತಾನಾಗೇ ಸರಿಹೋಗುತ್ತದೆ ಎನ್ನುವವರಿದ್ದಾರೆ. ಇರುವುದು ಚಿಪ್‌ನ ಒಳಗೆ ಮಾತ್ರ. ಅಲ್ಲಿ ಒಂದು ಬಿಟ್ ಕೆಟ್ಟರೆ ಅದು ಸರಿಮಾಡುತ್ತದೆ. ಚಿಪ್‌ನಿಂದ ಪ್ರೊಸೆಸರ್‌ಗೆ ಬರುವ ದಾರಿಗೆ ಅದು ಕಾವಲಿಲ್ಲ. ನಾವು 6000ಕ್ಕೆ ಏರಿಸಿ ಒತ್ತಡ ಹಾಕುವುದು ಹೆಚ್ಚಾಗಿ ಆ ದಾರಿಗೇ.

ಹಾಗಾಗಿ ಪರೀಕ್ಷೆ ಮಾಡಲೇಬೇಕು. ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿ ಮಲಗುವಾಗ ಬಿಟ್ಟುಬಿಡಿ. ಆಮೇಲೆ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಅಥವಾ ಒಸಿಸಿಟಿ ಓಡಿಸಿ. ಯಾಕೆಂದರೆ ಮೊದಲನೆಯದು ಓಡುವಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗೆ ಕೂತಿರುತ್ತದೆ, ಪೆಟ್ಟಿಗೆ ಬಿಸಿಯಾಗುವುದಿಲ್ಲ. ಒಪ್ಪಬಹುದಾದ ತಪ್ಪುಗಳ ಸಂಖ್ಯೆ ಸೊನ್ನೆ. ಒಂದು ಬಂದರೂ ಫೇಲ್.

ಡಿಸೆಂಬರ್‌ನಲ್ಲಿ ಅವನ ಯಂತ್ರ ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು. ಏಪ್ರಿಲ್ ಬಂತು. ಬಳ್ಳಾರಿಯ ಏಪ್ರಿಲ್ ಗೊತ್ತಲ್ಲ, ಹೊರಗೆ 40 ಡಿಗ್ರಿ, ಮೇಲಿನ ಮಹಡಿಯ ರೂಮು, ಎಸಿ ಇಲ್ಲ. ಒಂದು ಮದುವೆಯ ವಿಡಿಯೊ ಎಕ್ಸ್‌ಪೋರ್ಟ್ ಮಾಡಿದಾಗ ಧಾರೆಯ ಹೊತ್ತಿನ ಕೆಲವು ಫ್ರೇಮ್‌ಗಳಲ್ಲಿ ಹಸಿರು ಚೌಕಗಳು ಬಂದಿದ್ದವು. ಮತ್ತೆ ಎಕ್ಸ್‌ಪೋರ್ಟ್ ಮಾಡಿದರೆ ಬೇರೆ ಜಾಗದಲ್ಲಿ ಬಂದವು. ಅಂದರೆ ಮೂಲ ಫೈಲ್ ಚೆನ್ನಾಗಿದೆ, ಯಂತ್ರ ತಪ್ಪುತ್ತಿದೆ. ಅದೇ ಮಧ್ಯಾಹ್ನದ ಬಿಸಿಯಲ್ಲಿ ಟೆಸ್ಟ್ ಓಡಿಸು ಎಂದೆ. ಎರರ್ ಬಂತು.

ಇದಕ್ಕೂ ಡೆನಾರ್ಡ್‌ನ ಆ ಕೆಪಾಸಿಟರ್ ಹತ್ತಿರವೇ ಹೋಗಬೇಕು. ಅದರಲ್ಲಿ ಇಟ್ಟ ಚಾರ್ಜ್ ಸೋರುತ್ತಲೇ ಇರುತ್ತದೆ. ಡಿಡಿಆರ್5ರಲ್ಲಿ ಪ್ರತಿ ಸಾಲನ್ನೂ 32 ಮಿಲಿಸೆಕೆಂಡಿಗೊಮ್ಮೆ ಓದಿ ಮತ್ತೆ ತುಂಬಬೇಕು. ಬಿಸಿ ಏರಿದಂತೆ ಸೋರಿಕೆ ಏರುತ್ತದೆ. 85 ಡಿಗ್ರಿ ದಾಟಿದರೆ 16 ಮಿಲಿಸೆಕೆಂಡಿಗೊಮ್ಮೆ ತುಂಬಬೇಕೆಂದು ಜೆಡೆಕ್ ನಿಯಮವೇ ಹೇಳುತ್ತದೆ. ಬಿಗಿ ಟೈಮಿಂಗ್, ಏರಿಸಿದ ವೋಲ್ಟೇಜ್ ಎರಡೂ ಇರುವಾಗ 85ಕ್ಕೂ ಮೊದಲೇ ತಪ್ಪು ಶುರುವಾಗಬಹುದು. ಅದರ ಮೇಲೆ ಡಿಡಿಆರ್5ರಲ್ಲಿ ವೋಲ್ಟೇಜ್ ನೋಡಿಕೊಳ್ಳುವ ಚಿಪ್ಪೂ ಸ್ಟಿಕ್ ಮೇಲೇ ಬಂದು ಕೂತಿದೆ. ಅದರ ಬಿಸಿ ಬೇರೆ. ಎಚ್‌ಡಬ್ಲ್ಯುಇನ್ಫೊ ಎಂಬ ಪ್ರೋಗ್ರಾಮ್ ತೆರೆದರೆ ಸ್ಟಿಕ್‌ನ ತಾಪಮಾನ ಕಾಣಿಸುತ್ತದೆ. ನಮ್ಮ ಬೇಸಿಗೆಯಲ್ಲಿ ಅದನ್ನು ನೋಡುವ ಅಭ್ಯಾಸ ಇರಲಿ. ತಂಪು ದೇಶಗಳಲ್ಲಿ ಕೂತು ಮಾಡಿದ ವಿಡಿಯೊ ನೋಡಿ ಅದೇ ಸೆಟ್ಟಿಂಗ್ ಹಾಕಿದರೆ ಕಲಬುರಗಿ, ರಾಯಚೂರಿನಲ್ಲಿ ಅದು ನಿಲ್ಲಬೇಕೆಂದೇನೂ ಇಲ್ಲ.

ಸ್ಟಿಕ್‌ಗಳ ಮೇಲೆ ಗಾಳಿ ಬೀಳುವಂತೆ ಒಂದು ಫ್ಯಾನ್ ಹಾಕಿಸಿದ. ಎರರ್ ನಿಂತಿತು. ಆದರೂ ಅವನು 6000ದಲ್ಲಿ ಉಳಿಯಲಿಲ್ಲ. ಟೈಮಿಂಗ್, ವೋಲ್ಟೇಜ್ ಅವೇ ಇಟ್ಟು ವೇಗ ಮಾತ್ರ 5600ಕ್ಕೆ ಇಳಿಸಿದ. “ಮದುವೆ ಇನ್ನೊಂದು ಸಲ ಶೂಟ್ ಮಾಡೋಕಾಗಲ್ಲ ಮಾವ” ಎಂದ. ಅವನ ತೀರ್ಮಾನ ನನಗೆ ಪೂರ್ತಿ ಸರಿ ಅನಿಸಿತು. 96ರ ಬದಲು 89.6 ಗಿಗಾಬೈಟ್. ಎಕ್ಸ್‌ಪೋರ್ಟ್ ಸಮಯದಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. 4800 ಸಿಎಲ್40ರಲ್ಲಿ ಬಿಟ್ಟಿದ್ದರೆ ಆಗುತ್ತಿದ್ದ ನಷ್ಟದ ಬಹುಭಾಗ ವಾಪಸ್ ಬಂದಿದೆ.

ನಿಮ್ಮದೂ 6000ದಲ್ಲಿ ನಿಲ್ಲದಿದ್ದರೆ ಹೀಗೇ ಮಾಡಿ. ಮೊದಲು ಸ್ಲಾಟ್, ಆಮೇಲೆ ಬಯೋಸ್, ಆಮೇಲೆ ಗಾಳಿ. ಆಗಲೂ ನಿಲ್ಲದಿದ್ದರೆ 5800, 5600 ಎಂದು ಇಳಿಯಿರಿ. ವೋಲ್ಟೇಜ್ ಏರಿಸಿ ಏರಿಸಿ ಹಿಡಿದು ನಿಲ್ಲಿಸುವ ಹಟ ಮನೆಯ ಯಂತ್ರಕ್ಕೆ ಬೇಡ. ಸ್ಟಿಕ್ ಇನ್ನೊಬ್ಬರ ಯಂತ್ರದಲ್ಲೂ 6000ಕ್ಕೆ ಬಾರದಿದ್ದರೆ ಮಾತ್ರ ವಾರಂಟಿಗೆ ಕೊಡಿ. ಪ್ರೊಸೆಸರ್‌ನ ಕಂಟ್ರೋಲರ್ ಒಂದರಂತೆ ಒಂದಿರುವುದಿಲ್ಲ. ಒಂದೇ ಮಾಡೆಲ್‌ನ ಎರಡು ಪ್ರೊಸೆಸರ್‌ನಲ್ಲಿ ಒಂದು 6400 ಎಳೆದು, ಇನ್ನೊಂದು 6000ಕ್ಕೇ ಏದುಸಿರು ಬಿಡಬಹುದು.

ಕೊಳ್ಳುವ ಮೊದಲೇ ನೋಡಬೇಕಾದದ್ದೂ ಒಂದಿದೆ. ಕಮ್ಮಿ ಬಜೆಟ್ ಯಂತ್ರಗಳಲ್ಲಿ ಇಂಟೆಲ್‌ನ ಎಚ್610 ಬೋರ್ಡ್ ತುಂಬಾ ಹಾಕುತ್ತಾರೆ. ಆ ಚಿಪ್‌ಸೆಟ್‌ಗೆ ಮೆಮೊರಿ ಓವರ್‌ಕ್ಲಾಕಿಂಗ್ ಸೌಲಭ್ಯವನ್ನು ಇಂಟೆಲ್ ಕೊಟ್ಟಿಲ್ಲ. ಅದಕ್ಕೆ 6000ದ ಸ್ಟಿಕ್ ಹಾಕಿದರೆ ಜಾಸ್ತಿ ಕೊಟ್ಟ ದುಡ್ಡು ಹೋದಂತೆಯೇ. ರೈಜನ್ 7 7800ಎಕ್ಸ್‌3ಡಿ ಥರದ, 96 ಮೆಗಾಬೈಟ್ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇರುವ ಪ್ರೊಸೆಸರ್ ತಗೊಂಡವರಿಗೂ ರ‍್ಯಾಮ್ ವೇಗದ ಚಿಂತೆ ಅಷ್ಟು ಬೇಡ. ಅದು ರ‍್ಯಾಮ್ ತನಕ ಹೋಗುವುದೇ ಕಮ್ಮಿ.

ಡಬ್ಬದ ಮೇಲಿನ ಸಂಖ್ಯೆಯ ಬಗ್ಗೆ ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೂ ಹೋದರು. ಕೊಂಡು ತಂದು ಹಾಕಿದ ಕೂಡಲೇ ಆ ವೇಗ ಬರುವುದಿಲ್ಲ, ಹಾಗೆಂದು ಡಬ್ಬದ ಮೇಲೆ ಸರಿಯಾಗಿ ಹೇಳಿಲ್ಲ ಎಂಬುದು ಅವರ ವಾದ. ಕೋರ್ಸೇರ್ ಕಂಪನಿ ಅಂಥ ಒಂದು ಮೊಕದ್ದಮೆಯನ್ನು ರಾಜಿಯಲ್ಲಿ ಮುಗಿಸಲು 55 ಲಕ್ಷ ಡಾಲರ್ ಕೊಡಲು ಒಪ್ಪಿತು. ತಪ್ಪು ಮಾಡಿದ್ದೇವೆ ಎಂದು ಅದು ಒಪ್ಪಿಕೊಂಡಿಲ್ಲ. ಗ್ರಾಹಕರ ವಾದ ನನಗೆ ನ್ಯಾಯವಾಗಿಯೇ ಕಾಣುತ್ತದೆ. ‘ಬಯೋಸ್‌ನಲ್ಲಿ ಆನ್ ಮಾಡಬೇಕು, ನಿಮ್ಮ ಪ್ರೊಸೆಸರ್ ಒಪ್ಪಿದರೆ ಮಾತ್ರ’ ಎಂದು 6000ದಷ್ಟೇ ದೊಡ್ಡ ಅಕ್ಷರದಲ್ಲಿ ಬರೆದರೆ ಯಾರಿಗೇನು ನಷ್ಟ? ನಮ್ಮ ಅಂಗಡಿಗಳೂ ಯಂತ್ರ ಕೈಗೆ ಕೊಡುವ ಮೊದಲು ಎಕ್ಸ್‌ಪೋ ಹಾಕಿ, ಒಂದು ರಾತ್ರಿ ಟೆಸ್ಟ್ ಓಡಿಸಿ, ಫಲಿತಾಂಶ ತೋರಿಸಿ ಕೊಡಬಹುದು. ಅದಕ್ಕೆ ಸ್ವಲ್ಪ ದುಡ್ಡು ಕೇಳಿದರೂ ನಾನು ಕೊಡುತ್ತೇನೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವ ರೀತಿ ನೋಡಿದರೆ, ಇರುವ ಸ್ಟಿಕ್‌ನಿಂದ ಪೂರ್ತಿ ಕೆಲಸ ತೆಗೆಯುವುದು ಮೊದಲಿಗಿಂತ ಮುಖ್ಯವಾಗಿದೆ.

ಕೊನೆಗೆ ಒಂದು ನೆನಪಿನ ಮಾತು. ಬಯೋಸ್ ಅಪ್‌ಡೇಟ್ ಮಾಡಿದಾಗ, ಬೋರ್ಡ್‌ನ ಸೀಮಾಸ್ ಬ್ಯಾಟರಿ (ಸೆಟ್ಟಿಂಗ್ ಉಳಿಸುವ ಪುಟ್ಟ ಬ್ಯಾಟರಿ) ಸತ್ತಾಗ, ಅಥವಾ ಮೇಲಿಂದ ಮೇಲೆ ಬೂಟ್ ಆಗದೆ ನಿಂತಾಗ ಬಹಳಷ್ಟು ಬೋರ್ಡ್‌ಗಳು ಎಲ್ಲವನ್ನೂ ಮರೆತು ಜೆಡೆಕ್ ವೇಗಕ್ಕೆ ಹೋಗುತ್ತವೆ. ಹಾಗಾಗಿ ಬಯೋಸ್‌ನ ಆ ಮೆಮೊರಿ ಪುಟಗಳ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ಏನಾದರೂ ಬದಲಾದ ಮೇಲೆ ಮತ್ತೆ ಹಾಕಲು ಸುಲಭ. ಹಾಕಿದ ಮೇಲೆ ಮೆಮ್‌ಟೆಸ್ಟ್ ಇನ್ನೊಮ್ಮೆ ಓಡಿಸಿ. ಹೊಸ ಬಯೋಸ್ ಟ್ರೈನಿಂಗನ್ನು ಬೇರೆ ರೀತಿ ಮಾಡಬಹುದು. ಹಳೆಯ ಪಾಸ್ ಅದಕ್ಕೆ ಲೆಕ್ಕಕ್ಕೆ ಬರುವುದಿಲ್ಲ.